ರೋಹಿಣಿಗೆ ಮೊದಲು: ನೆಟ್‌ವರ್ಕ್ ಇನ್ವೆಂಟರಿಗೆ ವಿಜೆಟ್ ಮಾಡಿದ ನನ್ನ ಅನುಭವ

ಹುಬ್ಬಳ್ಳಿಯ ಗೋಕುಲ ರೋಡಿನಲ್ಲಿ ನಮ್ಮ ಆಫೀಸು. ಧಾರವಾಡ, ಗದಗ, ಹಾವೇರಿ ಜಿಲ್ಲೆಗಳಲ್ಲಿ ಫೈಬರ್ ಎಳೆದು ಮನೆಗಳಿಗೆ, ಅಂಗಡಿಗಳಿಗೆ ಇಂಟರ್ನೆಟ್ ಕೊಡುವ ಕಂಪನಿ. ನಾನು ಅಲ್ಲಿ ನೆಟ್‌ವರ್ಕ್ ಇನ್ವೆಂಟರಿ ನೋಡಿಕೊಳ್ಳುತ್ತೇನೆ. ಯಾವ ಊರಿನಲ್ಲಿ ಯಾವ ಓಎಲ್‌ಟಿ (ಮನೆಗಳ ಕಡೆ ಫೈಬರ್ ಹೊರಡುವ ನಮ್ಮ ಯಂತ್ರ) ಇದೆ, ಅದರ ಯಾವ ಪೋರ್ಟಿನಿಂದ ಯಾವ ಫೈಬರ್ ಎಳೆ ಹೊರಟಿದೆ, ಆ ಎಳೆ ಯಾವ ಜಾಯಿಂಟ್ (ಕೇಬಲ್‌ಗಳನ್ನು ಬೆಸೆದ ಡಬ್ಬಿ) ದಾಟಿ ಯಾವ ಸ್ಪ್ಲಿಟರ್ (ಒಂದು ಎಳೆಯ ಬೆಳಕನ್ನು ಹಲವಕ್ಕೆ ಹಂಚುವ ಸಾಧನ) ಸೇರಿದೆ, ಯಾವ ಗೋದಾಮಿನಲ್ಲಿ ಏನು ಸ್ಪೇರ್ ಇದೆ. ಇದನ್ನೆಲ್ಲ ಒಂದು ಕಡೆ ಸರಿಯಾಗಿ ಬರೆದಿಡುವುದು, ಬೇಕಾದವರಿಗೆ ಬೇಕಾದಾಗ ಸಿಗುವಂತೆ ಮಾಡುವುದು ನನ್ನ ಕೆಲಸ.

ಹೊರಗಿನವರಿಗೆ ಇದು ಬರೀ ದಾಸ್ತಾನಿನ ಲೆಕ್ಕ ಅನ್ನಿಸಬಹುದು. ಆದರೆ ರಾತ್ರಿ ಹತ್ತಕ್ಕೆ ನವಲಗುಂದದ ಹತ್ತಿರ ಕೇಬಲ್ ಕಡಿದಾಗ, ಟಾರ್ಚ್ ಹಿಡಿದು ನಿಂತ ಟೆಕ್ನಿಷಿಯನ್‌ಗೆ ಬೇಕಾಗುವುದು ಇದೇ ಲೆಕ್ಕ. ಈ ಟ್ಯೂಬಿನ ಕಿತ್ತಳೆ ಎಳೆ ಬ್ಯಾಂಕಿನದೋ, ಮನೆಗಳದೋ? ಮೊದಲು ಯಾವುದನ್ನು ಜೋಡಿಸಬೇಕು? ಲೆಕ್ಕ ತಪ್ಪಿದ್ದರೆ ಅವನ ರಾತ್ರಿ ಹಾಳು, ಊರಿನವರ ಬೆಳಗೂ ಹಾಳು.

ಈ ಮಾಹಿತಿಯನ್ನು ತೋರಿಸುವ ಡ್ಯಾಶ್‌ಬೋರ್ಡ್ ಮೇಲೆ ಎರಡು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಅದರ ಒಂದೊಂದು ಚೌಕಕ್ಕೆ ವಿಜೆಟ್ ಅನ್ನುತ್ತಾರೆ. ಕೆಲವು ವಿಜೆಟ್‌ಗಳನ್ನು ನಮ್ಮವರು ದಿನಕ್ಕೆ ಹತ್ತು ಸಲ ತೆರೆಯುತ್ತಾರೆ. ಕೆಲವನ್ನು ಕಷ್ಟಪಟ್ಟು ಮಾಡಿ, ಆಮೇಲೆ ನಾನೇ ತೆಗೆದುಹಾಕಿದೆ. ಯಾವುದು ಉಳಿಯಿತು, ಯಾಕೆ ಉಳಿಯಿತು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ಲೆಕ್ಕ ಬರೆದಿಡಲು ನಾವು ಬಳಸುವುದು ನೆಟ್‌ಬಾಕ್ಸ್. ಡಿಜಿಟಲ್ ಓಶನ್ ಕಂಪನಿಯಲ್ಲಿ ಹುಟ್ಟಿ 2016ರಲ್ಲಿ ಎಲ್ಲರಿಗೂ ತೆರೆದುಕೊಟ್ಟ ತಂತ್ರಾಂಶ. ಪೈಥಾನ್‌ನ ಜಾಂಗೋ ಮೇಲೆ ಕಟ್ಟಿದ್ದಾರೆ, ಮಾಹಿತಿ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಕೂರುತ್ತದೆ. ಮೊದಲು ಅದರ ಮುಖಪುಟ ಎಲ್ಲರಿಗೂ ಒಂದೇ ಆಗಿತ್ತು. 2023ರ ಏಪ್ರಿಲ್‌ನಲ್ಲಿ ಬಂದ 3.5ನೇ ಆವೃತ್ತಿಯಿಂದ ಪ್ರತಿಯೊಬ್ಬರೂ ತಮ್ಮ ಮುಖಪುಟವನ್ನು ತಾವೇ ಜೋಡಿಸಿಕೊಳ್ಳಬಹುದು. ಮೊದಲು ಡ್ಯಾಶ್‌ಬೋರ್ಡ್ ಅನ್‌ಲಾಕ್ ಮಾಡಬೇಕು. ಆಮೇಲೆ ವಿಜೆಟ್ ಸೇರಿಸಿ, ಎಳೆದು ಬೇಕಾದ ಕಡೆ ಕೂರಿಸಿ ಸೇವ್ ಮಾಡಿದರೆ ಆಯಿತು. ಅಗಲವನ್ನು 12 ಭಾಗ ಮಾಡಿಕೊಂಡಿರುತ್ತದೆ. 4 ಭಾಗದ ಅಗಲ ಕೊಟ್ಟರೆ ಒಂದು ಸಾಲಿನಲ್ಲಿ ಮೂರು ವಿಜೆಟ್ ಹಿಡಿಯುತ್ತವೆ. ಎಣಿಕೆ ತೋರಿಸುವ ವಿಜೆಟ್, ಪಟ್ಟಿ ತೋರಿಸುವ ವಿಜೆಟ್, ಟಿಪ್ಪಣಿ ಬರೆಯುವ ವಿಜೆಟ್ ಹೀಗೆ ಕೆಲವು ಅದರ ಜೊತೆಗೇ ಬರುತ್ತವೆ. ಸಾಲದಿದ್ದರೆ ಪೈಥಾನ್‌ನಲ್ಲಿ ನಮ್ಮದೇ ವಿಜೆಟ್ ಬರೆದು ಸೇರಿಸಬಹುದು.

ಇದು ಸಿಕ್ಕ ಕೂಡಲೇ ನನಗೆ ಎಲ್ಲಿಲ್ಲದ ಉತ್ಸಾಹ. ಎರಡು ದಿನ ಕೂತು ಒಂದು ಡ್ಯಾಶ್‌ಬೋರ್ಡ್ ಮಾಡಿದೆ. ಒಟ್ಟು ಸೈಟ್ (ಉಪಕರಣ ಇಟ್ಟ ಜಾಗ) ಎಷ್ಟು, ಒಟ್ಟು ಡಿವೈಸ್ ಎಷ್ಟು, ಕೇಬಲ್ ಎಷ್ಟು, ಯಾವ ಕಂಪನಿಯ ಪೆಟ್ಟಿಗೆ ಎಷ್ಟು. ಮೀಟಿಂಗ್‌ನಲ್ಲಿ ತೋರಿಸಿದಾಗ ಮ್ಯಾನೇಜರ್ ಸರ್ ಖುಷಿಪಟ್ಟರು. ಆದರೆ ನನ್ನ ಫೋನ್ ಮೊದಲಿನಷ್ಟೇ ರಿಂಗಾಗುತ್ತಿತ್ತು.

ನಮ್ಮಲ್ಲಿ ಒಬ್ಬ ಹಿರಿಯ ಟೆಕ್ನಿಷಿಯನ್ ಇದ್ದಾರೆ. ನಾವೆಲ್ಲ ಕಾಕಾ ಅಂತ ಕರೆಯುತ್ತೇವೆ. ಕೇಬಲ್ ಟಿವಿ ಕಾಲದಿಂದ ಕಂಬ ಹತ್ತಿದವರು. ಒಂದು ಮಧ್ಯಾಹ್ನ ಫೋನ್ ಮಾಡಿ, "ತಂಗಿ, ಅಣ್ಣಿಗೇರಿ ಬಸ್ ಸ್ಟ್ಯಾಂಡ್ ಕಡೆ ಡಬ್ಬಿಯಾಗ ಖಾಲಿ ಪೋರ್ಟ್ ಐತೇನವಾ?" ಎಂದರು. ಡ್ಯಾಶ್‌ಬೋರ್ಡ್ ನೋಡಿ ಕಾಕಾ, ಮೊಬೈಲ್‌ನಲ್ಲೇ ಬರುತ್ತದೆ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ನೋಡೇನವಾ. ಒಟ್ಟು ಡಿವೈಸ್ 1,900 ಅಂತ ಬರದೈತಿ. ಅದನ್ನ ತಗೊಂಡು ನಾ ಇಲ್ಲಿ ಏನ್ ಮಾಡ್ಲಿ?"

ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ನಮ್ಮ ಹತ್ತಿರ ಏನೇನು ಇದೆ ಅನ್ನುವುದನ್ನು ನಾನು ತೋರಿಸಿದ್ದೆ. ಅವರಿಗೆ ಬೇಕಾಗಿದ್ದದ್ದು ಆ ಹೊತ್ತಿಗೆ, ಆ ಜಾಗದಲ್ಲಿ ಏನು ಮಾಡಬಹುದು ಅನ್ನುವುದು.

ಮರುದಿನದಿಂದ ಒಂದು ನೋಟ್‌ಬುಕ್ ಇಟ್ಟೆ. ಯಾರೇ ಫೋನ್ ಮಾಡಿ ಇನ್ವೆಂಟರಿ ಬಗ್ಗೆ ಕೇಳಿದರೂ ಅವರು ಹೇಗೆ ಕೇಳಿದರೋ ಹಾಗೆಯೇ ಬರೆದುಕೊಂಡೆ. ಯಾರು, ಎಲ್ಲಿ ನಿಂತು ಕೇಳಿದರು ಅನ್ನುವುದನ್ನೂ ಬರೆದೆ. ಒಂದು ವಾರದಲ್ಲಿ ನಾಲ್ಕು ಪುಟ ತುಂಬಿತು. ನೋಡಿದರೆ ಪ್ರಶ್ನೆಗಳು ಜಾಸ್ತಿ ಇರಲಿಲ್ಲ. ಖಾಲಿ ಪೋರ್ಟ್ ಎಲ್ಲಿದೆ? ಸ್ಪೇರ್ ಯಾವ ಗೋದಾಮಿನಲ್ಲಿದೆ? ಈ ಎಳೆ ಯಾರದು? ಈ ಸೈಟಿನ ಬ್ಯಾಟರಿ ಯಾವಾಗ ಹಾಕಿದ್ದು? ಇವೇ ತಿರುಗಿ ತಿರುಗಿ ಬಂದಿದ್ದವು. ಒಟ್ಟು ಡಿವೈಸ್ ಎಷ್ಟು ಎಂದು ವಾರವಿಡೀ ಒಬ್ಬರೂ ಕೇಳಿರಲಿಲ್ಲ.

ಈ ಕೆಲಸ ಶುರು ಮಾಡುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಕಂಪ್ಯೂಟರ್ ಮುಟ್ಟುವ ಮೊದಲು ಒಂದು ವಾರ ಫೋನ್ ಪ್ರಶ್ನೆ ಬರೆದುಕೊಳ್ಳಿ.

ಖಾಲಿ ಪೋರ್ಟಿನಿಂದ ಆರಂಭಿಸಿದೆ. ಇದು ಮೇಲುನೋಟಕ್ಕೆ ಸುಲಭ. ಓಎಲ್‌ಟಿಯಲ್ಲಿ ಮನೆಗಳ ಕಡೆ ಎಳೆ ಹೊರಡುವ ಪೋರ್ಟಿಗೆ ಪಾನ್ ಪೋರ್ಟ್ ಅನ್ನುತ್ತಾರೆ. ಅಂಥ ಒಂದು ಪೋರ್ಟಿನಿಂದ ಒಂದು ಎಳೆ ಹೊರಡುತ್ತದೆ. ದಾರಿಯಲ್ಲಿ ಸ್ಪ್ಲಿಟರ್ ಅದನ್ನು ಎಂಟು ಮಾಡುತ್ತದೆ. ಆ ಎಂಟರಲ್ಲಿ ಒಂದೊಂದನ್ನೂ ಓಣಿಯ ಡಬ್ಬಿಯಲ್ಲಿನ ಇನ್ನೊಂದು ಸ್ಪ್ಲಿಟರ್ ಮತ್ತೆ ಎಂಟು ಮಾಡುತ್ತದೆ. ಎಂಟೆಂಟ್ಲೆ 64 ಮನೆ. ನಾನು ಮೊದಲು ಮಾಡಿದ ವಿಜೆಟ್ ಪ್ರತಿ ಪಾನ್ ಪೋರ್ಟ್ ಎಷ್ಟು ಶೇಕಡಾ ತುಂಬಿದೆ ಎಂದು ತೋರಿಸುತ್ತಿತ್ತು. 64ರಲ್ಲಿ 56 ಮನೆ ಇದ್ದರೆ ಶೇ 87.5.

ಇದರಲ್ಲಿ ಎರಡು ತಪ್ಪು ಇದ್ದವು. ಶೇಕಡಾ ಲೆಕ್ಕ ಬೇಕಾಗಿರುವುದು ಮುಂದಿನ ವರ್ಷ ಎಲ್ಲಿ ಓಎಲ್‌ಟಿಗೆ ಹೊಸ ಕಾರ್ಡ್ ಹಾಕಬೇಕು ಎಂದು ಯೋಚಿಸುವವರಿಗೆ. ಏಣಿ ಹಿಡಿದು ನಿಂತವರಿಗೆ ಇನ್ನೂ ಎಂಟು ಉಳಿದಿವೆ ಅನ್ನುವ ಮಾತು ಬೇಕು. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದು. ಪಾನ್ ಪೋರ್ಟಿನಲ್ಲಿ ಎಂಟು ಜಾಗ ಇದ್ದರೂ ಈ ಓಣಿಯ ಡಬ್ಬಿ ತುಂಬಿರಬಹುದು. ಉಳಿದ ಎಂಟು ಜಾಗ ಒಂದು ಕಿಲೋಮೀಟರ್ ಆಚೆಯ ಡಬ್ಬಿಯಲ್ಲಿರಬಹುದು. ಅಲ್ಲಿಂದ ಇಲ್ಲಿಗೆ ಡ್ರಾಪ್ ಕೇಬಲ್ (ಡಬ್ಬಿಯಿಂದ ಮನೆಗೆ ಹೋಗುವ ತಂತಿ) ಎಳೆಯಲು ಆಗುವುದಿಲ್ಲ ಅಲ್ವಾ? ಆದ್ದರಿಂದ ಲೆಕ್ಕವನ್ನು ಓಎಲ್‌ಟಿಯಿಂದ ಕೆಳಗಿಳಿಸಿ ಡಬ್ಬಿಯ ಮಟ್ಟಕ್ಕೆ ತಂದೆ. ನೆಟ್‌ಬಾಕ್ಸ್‌ನಲ್ಲಿ ನಾವು ಪ್ರತಿ ಸ್ಪ್ಲಿಟರನ್ನೂ ಒಂದು ಡಿವೈಸ್ ಎಂದು ಬರೆಯುತ್ತೇವೆ. ಹಿಂದೆ ಒಂದು ಪೋರ್ಟ್, ಮುಂದೆ ಎಂಟು. ಮುಂದಿನ ಪೋರ್ಟ್‌ಗಳಲ್ಲಿ ಕೇಬಲ್ ಸೇರದೇ ಇರುವವನ್ನು ಮಾತ್ರ ತೋರಿಸು ಎಂದು ಪಟ್ಟಿ ವಿಜೆಟ್‌ಗೆ ಷರತ್ತು ಕೊಟ್ಟರೆ ಕೆಲಸ ಮುಗಿಯಿತು. ಕೋಡ್ ಬರೆಯುವ ಅಗತ್ಯವೇ ಬರಲಿಲ್ಲ.

ಮುಗಿಯಿತು ಅಂದುಕೊಂಡಿದ್ದೆ. ಮೂರನೇ ವಾರದಲ್ಲಿ ಬೆಟಗೇರಿಯಲ್ಲಿ ಎಡವಟ್ಟಾಯಿತು. ವಿಜೆಟ್‌ನಲ್ಲಿ ಒಂದು ಡಬ್ಬಿಯ ಎಂಟೂ ಪೋರ್ಟ್ ಖಾಲಿ ಎಂದು ಬಂದಿತ್ತು. ಅದನ್ನು ನಂಬಿ ಒಬ್ಬ ನೇಕಾರರ ಮನೆಗೆ ನಾಳೆ ಬೆಳಿಗ್ಗೆ ಕನೆಕ್ಷನ್ ಎಂದು ಹೇಳಿದೆವು. ಮಗಳಿಗೆ ಆನ್‌ಲೈನ್ ಪರೀಕ್ಷೆ ಇತ್ತು. ಹುಡುಗ ಹೋಗಿ ನೋಡಿದರೆ ಡಬ್ಬಿಯೇ ಇಲ್ಲ. ರಸ್ತೆ ಅಗಲ ಮಾಡುವಾಗ ಅದನ್ನು ತೆಗೆದು ನಾಲ್ಕು ತಿಂಗಳಾಗಿತ್ತು. ದಾಖಲೆಯಲ್ಲಿ ಆ ಡಿವೈಸ್ ತೆಗೆದದ್ದು ಎಂದು ಸರಿಯಾಗಿಯೇ ಗುರುತಾಗಿತ್ತು. ಆದರೆ ನನ್ನ ಷರತ್ತು ಪೋರ್ಟನ್ನು ಮಾತ್ರ ನೋಡುತ್ತಿತ್ತು. ಅದು ಕೂತ ಡಬ್ಬಿ ಬಳಕೆಯಲ್ಲಿದೆಯೋ ಇಲ್ಲವೋ ಎಂದು ಕೇಳುತ್ತಿರಲಿಲ್ಲ. ತೆಗೆದ ಡಬ್ಬಿಯ ಪೋರ್ಟ್‌ಗಳೆಲ್ಲ ಖಾಲಿಯೇ ಇರುತ್ತವೆ, ಹಾಗಾಗಿ ಅವೇ ಪಟ್ಟಿಯ ಮೇಲೆ ಬಂದು ಕೂತಿದ್ದವು. ಆ ಮನೆಗೆ ಸಂಜೆಯೊಳಗೆ ಬೇರೆ ಕಡೆಯಿಂದ ಎಳೆದುಕೊಟ್ಟರು. ನಾನು ಫೋನ್ ಮಾಡಿ ತಪ್ಪಾಯಿತು ಎಂದು ಹೇಳಿದೆ. ಅವತ್ತಿನಿಂದ ಪ್ರತಿ ವಿಜೆಟ್ ಮಾಡಿದ ಮೇಲೆ ಅದರಿಂದ ಐದು ಸಾಲು ಆರಿಸಿ, ಐದಕ್ಕೂ ಆ ಊರಿನವರಿಗೆ ಫೋನ್ ಮಾಡಿ ಕೇಳುತ್ತೇನೆ. ಐದೂ ಸರಿ ಇದ್ದರೆ ಮಾತ್ರ ಎಲ್ಲರಿಗೂ ಬಿಡುತ್ತೇನೆ.

ಸ್ಪೇರ್ ವಿಜೆಟ್ ಒಂದೇ ದಿನದ ಕೆಲಸ. ನೆಟ್‌ಬಾಕ್ಸ್‌ನಲ್ಲಿ ಡಿವೈಸ್‌ಗೆ ಇನ್ವೆಂಟರಿ ಅನ್ನುವ ಸ್ಟೇಟಸ್ ಮೊದಲೇ ಇದೆ, ಗೋದಾಮಿನಲ್ಲಿರುವ ವಸ್ತು ಎಂದರ್ಥ. ಹುಬ್ಬಳ್ಳಿ, ಗದಗ, ಹಾವೇರಿ, ರಾಣೆಬೆನ್ನೂರು ಗೋದಾಮುಗಳನ್ನು ಸೈಟ್ ಎಂದು ಸೇರಿಸಿ ನಾಲ್ಕು ಪಟ್ಟಿ ಮಾಡಿದೆ. ಮೊದಲು ಹಾವೇರಿಯ ಹುಡುಗರು ಒಂದು ಕಾರ್ಡಿಗಾಗಿ ಎಪ್ಪತ್ತಕ್ಕೂ ಹೆಚ್ಚು ಕಿಲೋಮೀಟರ್ ಗಾಡಿ ಹೊಡೆದು ಹುಬ್ಬಳ್ಳಿಗೆ ಬರುತ್ತಿದ್ದರು. ಅದೇ ಕಾರ್ಡ್ ರಾಣೆಬೆನ್ನೂರಿನಲ್ಲಿ ಕೂತಿರುತ್ತಿತ್ತು. ಅದು ತಪ್ಪಿತು.

ಊರಿನ ಹೆಸರುಗಳ ವಿಷಯಕ್ಕೆ ಮಾತ್ರ ನಾನು ಎಣಿಸಿದ್ದಕ್ಕಿಂತ ಹೆಚ್ಚು ದಿನ ಹಿಡಿಯಿತು.

ತಾಲೂಕುವಾರು ಎಣಿಕೆಯ ವಿಜೆಟ್ ಮಾಡಿದಾಗ ಹುಬ್ಬಳ್ಳಿ ನಾಲ್ಕು ಸಲ ಬಂತು. ಒಂದು ಹುಬ್ಬಳ್ಳಿ, ಒಂದು ಹುಬ್ಲಿ, ಒಂದು ಎಚ್‌ಬಿಎಲ್, ಇನ್ನೊಂದು ಯುಬಿಎಲ್. ಕೊನೆಯದು ರೈಲ್ವೆ ಸ್ಟೇಷನ್‌ನ ಕೋಡ್, ಯಾರೋ ಹಳಬರು ರೂಢಿಯಿಂದ ಹಾಗೆ ಬರೆದಿದ್ದರು. ಇಂಗ್ಲಿಷ್‌ನಲ್ಲಿ ಊರಿನ ಹೆಸರು ಹುಬ್ಬಳ್ಳಿ ಎಂದು ಬದಲಾದದ್ದು 2014ರ ನವೆಂಬರ್ 1ರಂದು. ಅದಕ್ಕಿಂತ ಹಳೆಯ ಎಕ್ಸೆಲ್ ಶೀಟ್‌ಗಳಿಂದ ಬಂದ ಸಾಲುಗಳಲ್ಲೆಲ್ಲ ಹಳೆಯ ಹೆಸರೇ ಇತ್ತು. ತಾಲೂಕುಗಳದು ಇನ್ನೊಂದು ಕಥೆ. 2018ರಲ್ಲಿ ಹೊಸ ತಾಲೂಕುಗಳಾದವಲ್ಲ, ನಮ್ಮ ಕಡೆ ಅಣ್ಣಿಗೇರಿ, ಅಳ್ನಾವರ, ಲಕ್ಷ್ಮೇಶ್ವರ, ಗಜೇಂದ್ರಗಡ, ರಟ್ಟೀಹಳ್ಳಿ. ಅಲ್ಲಿಯ ಸೈಟ್‌ಗಳು ನಮ್ಮ ದಾಖಲೆಯಲ್ಲಿ ಇನ್ನೂ ಹಳೆಯ ತಾಲೂಕಿನಲ್ಲೇ ಇದ್ದವು. ಗುತ್ತಿಗೆದಾರರ ಒಂದು ಹಳೆಯ ಪಟ್ಟಿಯಲ್ಲಂತೂ ಗದಗ, ಹಾವೇರಿ ಎರಡೂ ಧಾರವಾಡ ಜಿಲ್ಲೆಯ ಕೆಳಗೇ ಇದ್ದವು. ಜಿಲ್ಲೆ ಒಡೆದದ್ದು 1997ರಲ್ಲಿ! ಯಾರೋ ಅದಕ್ಕೂ ಹಿಂದಿನ ಯಾವುದೋ ನಮೂನೆಯನ್ನು ನಕಲು ಮಾಡುತ್ತಲೇ ಬಂದಿದ್ದಾರೆ.

ಇದನ್ನು ವಿಜೆಟ್ ಒಳಗೇ ಸರಿಪಡಿಸಬಹುದಿತ್ತು. ಹುಬ್ಲಿ ಎಂದು ಬಂದರೆ ಹುಬ್ಬಳ್ಳಿ ಎಂದು ತೋರಿಸು ಎಂದು ಎರಡು ಸಾಲು ಕೋಡ್ ಸಾಕು. ನಾನು ಹಾಗೆ ಮಾಡಲಿಲ್ಲ. ಮಾಡಿದ್ದರೆ ಪರದೆ ಚೆನ್ನಾಗಿ ಕಾಣುತ್ತಿತ್ತು, ಒಳಗಿನ ತಪ್ಪು ಹಾಗೇ ಉಳಿಯುತ್ತಿತ್ತು. ಜಿಲ್ಲೆ, ಅದರ ಕೆಳಗೆ ತಾಲೂಕು, ಅದರ ಕೆಳಗೆ ಸೈಟ್ ಎಂದು ಹೊಸದಾಗಿ ಮರ ಕಟ್ಟಿದೆ. ಒಂದೇ ಹೆಸರಿನ ಊರುಗಳು ನಮ್ಮ ಕಡೆ ಬೇಕಾದಷ್ಟಿವೆ. ಹಾಗಾಗಿ ಪ್ರತಿ ಊರಿಗೂ ಕೇಂದ್ರ ಸರ್ಕಾರದ ಲೋಕಲ್ ಗವರ್ನಮೆಂಟ್ ಡೈರೆಕ್ಟರಿಯ ಕೋಡ್ ಸೇರಿಸಿದೆ. ಹೆಸರು ಹೇಗೆ ಬರೆದರೂ ಕೋಡ್ ಒಂದೇ. ಆಮೇಲೆ ಒಂದು ಸಣ್ಣ ವಿಜೆಟ್ ಇಟ್ಟೆ: ಕೋಡ್ ಇಲ್ಲದ ಸೈಟ್‌ಗಳು. ದಿನಾ ಬೆಳಿಗ್ಗೆ ಟೀ ಕುಡಿಯುತ್ತ ಅದರಲ್ಲಿ ಹತ್ತು ಸರಿಪಡಿಸುತ್ತಿದ್ದೆ. ಸೊನ್ನೆ ಆಗಲು ಎರಡು ತಿಂಗಳು ಬೇಕಾಯಿತು. ಆ ವಿಜೆಟ್ ಈಗಲೂ ಇದೆ. ಹೊಸ ಸೈಟ್ ಸೇರಿಸುವಾಗ ಯಾರಾದರೂ ಕೋಡ್ ಮರೆತರೆ ಮರುದಿನವೇ ಕಾಣುತ್ತದೆ.

ಬಣ್ಣದ ಬಗ್ಗೆ ಒಂದು ಮಾತು. ನೆಟ್‌ಬಾಕ್ಸ್‌ನಲ್ಲಿ ಆಕ್ಟಿವ್ ಸ್ಟೇಟಸ್‌ಗೆ ಹಸಿರು ಬಣ್ಣ. ನಮ್ಮ ರಾತ್ರಿ ಪಾಳಿಯ ಹೊಸ ಹುಡುಗಿ ಒಬ್ಬಳು ಒಮ್ಮೆ ಮುಂಡರಗಿಯ ಗ್ರಾಹಕರಿಗೆ, "ನಮ್ಮಲ್ಲಿ ಹಸಿರು ತೋರಿಸ್ತಿದೆ ಸರ್, ಲೈನ್ ಸರಿ ಇದೆ" ಎಂದು ಹೇಳಿಬಿಟ್ಟಳು. ಆ ಹೊತ್ತಿಗೆ ಅಲ್ಲಿ ಲೈನ್ ಬಿದ್ದು ಎರಡು ಗಂಟೆಯಾಗಿತ್ತು. ತಪ್ಪು ಅವಳದಲ್ಲ. ಇನ್ವೆಂಟರಿ ಹೇಳುವುದು ಅಲ್ಲಿ ಏನಿರಬೇಕು ಅನ್ನುವುದನ್ನು. ಈ ಕ್ಷಣ ಅದು ನಡೆಯುತ್ತಿದೆಯೋ ಇಲ್ಲವೋ ಎಂದು ಹೇಳುವುದು ಮಾನಿಟರಿಂಗ್ ತಂತ್ರಾಂಶ. ಎರಡೂ ಬೇರೆ ಬೇರೆ. ಆದರೆ ಪರದೆಯ ಮೇಲೆ ಹಸಿರು ಕಂಡರೆ ಯಾರಾದರೂ ಸರಿ ಇದೆ ಎಂದೇ ತಿಳಿಯುತ್ತಾರೆ. ಸೆಟ್ಟಿಂಗ್‌ನಲ್ಲಿ ಸ್ಟೇಟಸ್‌ಗಳ ಹೆಸರು, ಬಣ್ಣ ಬದಲಿಸಿಕೊಳ್ಳಲು ಅವಕಾಶ ಇದೆ. ಆಕ್ಟಿವ್ ಅನ್ನುವ ಕಡೆ 'ಬಳಕೆಯಲ್ಲಿದೆ' ಎಂದು ಬರೆದು ಬೂದು ಬಣ್ಣ ಕೊಟ್ಟೆ. ಹಸಿರು, ಕೆಂಪು ಎರಡನ್ನೂ ಮಾನಿಟರಿಂಗ್ ಪರದೆಗೆ ಬಿಟ್ಟುಕೊಟ್ಟೆ. ವಿಜೆಟ್‌ಗಳ ತಲೆಬರಹವನ್ನೆಲ್ಲ ಕನ್ನಡಕ್ಕೆ ತಂದದ್ದೂ ಆಗಲೇ. ತಲೆಬರಹದಲ್ಲಿ ಏನು ಬೇಕಾದರೂ ಬರೆಯಬಹುದು, ಕನ್ನಡ ಅಕ್ಷರ ಚೆನ್ನಾಗಿಯೇ ಕಾಣುತ್ತದೆ.

ಗೋಡೆಯ ದೊಡ್ಡ ಟಿವಿಗೆ ಗ್ರಫಾನಾ ಎಂಬ, ಮಾಹಿತಿಯನ್ನು ಚಿತ್ರ, ನಕ್ಷೆಗಳಲ್ಲಿ ತೋರಿಸುವ ಬೇರೆ ತಂತ್ರಾಂಶ ಬಳಸಿದ್ದೇವೆ. ಅದು ನೆಟ್‌ಬಾಕ್ಸ್‌ನ ಡೇಟಾಬೇಸನ್ನು ನೇರವಾಗಿ ಓದುತ್ತದೆ. ಅದಕ್ಕೆ ಓದಲು ಮಾತ್ರ ಅನುಮತಿ ಇರುವ ಬೇರೆ ಯೂಸರ್ ಮಾಡಿಕೊಡಬೇಕು, ಇದನ್ನು ಯಾವ ಕಾರಣಕ್ಕೂ ಬಿಡಬೇಡಿ. ಆರಂಭದಲ್ಲಿ ಐದು ಸೆಕೆಂಡಿಗೊಮ್ಮೆ ಹೊಸದಾಗಿ ತರುವಂತೆ ಇಟ್ಟಿದ್ದೆ, ಎಲ್ಲ ನಿಧಾನವಾಯಿತು. ಕಂಬದ ಮೇಲಿನ ಡಬ್ಬಿ ಐದು ಸೆಕೆಂಡಿಗೊಮ್ಮೆ ಬದಲಾಗುವುದಿಲ್ಲ. ಈಗ ಗಂಟೆಗೊಮ್ಮೆ ಸಾಕಾಗಿದೆ. ನಕ್ಷೆ ಮೇಲೆ ಸೈಟ್‌ಗಳನ್ನು ತೋರಿಸುವ ವಿಜೆಟ್ ಕೂಡ ಅಲ್ಲಿದೆ. ಹಳಬರಿಗೆ ಅದು ಬೇಡ, ದಾರಿಯೆಲ್ಲ ಅವರ ತಲೆಯಲ್ಲಿದೆ. ಹೊಸದಾಗಿ ಸೇರಿದವರು ಮಾತ್ರ ಮೊದಲ ತಿಂಗಳು ಅದರ ಮುಂದೆಯೇ ನಿಂತಿರುತ್ತಾರೆ. ಅಷ್ಟಕ್ಕಾದರೂ ಅದು ಇರಲಿ ಎಂದು ಬಿಟ್ಟಿದ್ದೇನೆ.

ಇನ್ನು ನಾನು ಹೇಳಲೇಬೇಕಾದ ವಿಜೆಟ್‌ಗೆ ಬರುತ್ತೇನೆ.

ಕಳೆದ ವರ್ಷ ಮಾರ್ಚ್‌ನಲ್ಲಿ ಕಾಕಾ ಆಫೀಸಿಗೆ ಬಂದಿದ್ದರು. ನನ್ನ ಪಕ್ಕ ಕೂತು ಪರದೆ ನೋಡಿದರು. ಜಾಯಿಂಟ್‌ಗಳ ಪಟ್ಟಿ ತೆರೆದಿತ್ತು. ಪ್ರತಿ ಜಾಯಿಂಟ್‌ಗೂ ಹೆಸರು, ಎಳೆಗಳ ಸಂಖ್ಯೆ, ಕಂಪನಿ, ಅಳವಡಿಸಿದ ದಿನ, ಅಕ್ಷಾಂಶ, ರೇಖಾಂಶ ಎಲ್ಲ ಇತ್ತು. ನೋಡಿ ಮುಗಿಸಿ ಕೇಳಿದರು: "ಎರಿ ಹೊಲದಾಗಿನು ಯಾವು, ಮಸಾರಿಯಾಗಿನು ಯಾವು, ಅದನ್ನ ಬರಕೊಂಡಿಯೇನವಾ?"

ಇಲ್ಲ ಎಂದೆ. ಅದು ಯಾಕೆ ಬೇಕು ಎಂದು ಕೇಳಿದೆ.

"ಎರಿ ನೆಲ ಬ್ಯಾಸಗಿಯಾಗ ಬಾಯಿ ಬಿಡತೈತಿ. ಮಳಿ ಆತಂದ್ರ ಉಬ್ಬತೈತಿ. ಎರಡರ ನಡುವ ಕೇಬಲ್ ಜಗ್ಗಿ ಜಗ್ಗಿ ಜಾಯಿಂಟಿನ್ಯಾಗ ಎಳಿ ಹರೀತಾವು. ಮಳಿ ಹಿಡದ ಮ್ಯಾಲೆ ಗಾಡಿ ಒಳಗ ಹೋಗಂಗಿಲ್ಲ, ಕಾಲ ಮೊಣಕಾಲ ತನಕ ಹೂಳತಾವು. ಏನ್ ನೋಡೂದಿದ್ರೂ ರೋಹಿಣಿ ಬರೂದ್ರೊಳಗ ನೋಡಬೇಕು."

ನಾನು ಧಾರವಾಡದವಳು. ಎರೆ, ಮಸಾರಿ ಎರಡೂ ಗೊತ್ತು. ಮನೆಯಲ್ಲಿ ಅಜ್ಜ ದಿನಾ ಆಡುತ್ತಿದ್ದ ಮಾತು. ನವಲಗುಂದ, ಅಣ್ಣಿಗೇರಿ, ನರಗುಂದದ ಕಡೆ ಕಪ್ಪು ಎರೆ ನೆಲ, ಕಪ್ಪತಗುಡ್ಡದ ಕಡೆ ಕೆಂಪು ಮಸಾರಿ. ಎರೆ ಮಣ್ಣಿನ ಜೇಡಿ ನೀರು ಕುಡಿದರೆ ಹಿಗ್ಗುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಆದರೆ ಆ ನೆಲಕ್ಕೂ ನನ್ನ ಡೇಟಾಬೇಸ್‌ಗೂ ಸಂಬಂಧ ಇದೆ ಎಂದು ಯಾವತ್ತೂ ಹೊಳೆದಿರಲಿಲ್ಲ. ನಾನು ನೋಡಿದ ಯಾವ ಇನ್ವೆಂಟರಿ ತಂತ್ರಾಂಶದಲ್ಲೂ ನೆಲ ಅನ್ನುವ ಕಾಲಮ್ ಇರಲಿಲ್ಲ.

ಅದೇ ಸಂಜೆ ನೆಟ್‌ಬಾಕ್ಸ್‌ನಲ್ಲಿ ಎರಡು ಕಸ್ಟಮ್ ಫೀಲ್ಡ್ ಸೇರಿಸಿದೆ. ಒಂದು, ನೆಲ. ಅದರಲ್ಲಿ ಆರಿಸಲು ಎರೆ, ಮಸಾರಿ, ರಸ್ತೆ ಬದಿ, ಕಂಬದ ಮೇಲೆ ಎಂದು ನಾಲ್ಕು ಆಯ್ಕೆ. ಇನ್ನೊಂದು, ಕಣ್ಣಾರೆ ನೋಡಿದ ದಿನ. ನೆಲದ ಕಾಲಮ್ ತುಂಬಿದ್ದು ನಾನಲ್ಲ, ಟೆಕ್ನಿಷಿಯನ್‌ಗಳು. ಒಬ್ಬೊಬ್ಬರಿಗೂ ಅವರ ಊರಿನ ಪಟ್ಟಿ ಪ್ರಿಂಟ್ ಹಾಕಿ ಕೊಟ್ಟೆ. ಮೂರು ದಿನದಲ್ಲಿ ಪೆನ್ನಿನಿಂದ ತುಂಬಿ ವಾಪಸ್ ಕೊಟ್ಟರು. ಹೊಲ ಯಾರದು, ಒಳಗೆ ಹೋಗಲು ಯಾರನ್ನು ಕೇಳಬೇಕು ಎಂದು ಅಂಚಿನಲ್ಲಿ ಬರೆದವರೂ ಇದ್ದರು.

ಎರಡನೇ ಫೀಲ್ಡ್ ಯಾಕೆ ಬೇಕಾಯಿತು ಎಂದು ಹೇಳಬೇಕು. ನೆಟ್‌ಬಾಕ್ಸ್‌ನಲ್ಲಿ ಪ್ರತಿ ದಾಖಲೆಗೂ ಕೊನೆಯ ಬಾರಿ ಬದಲಾದ ದಿನ ತಾನಾಗಿಯೇ ಬೀಳುತ್ತದೆ. ಅದನ್ನೇ ಬಳಸಿ 'ಬಹಳ ದಿನದಿಂದ ಯಾರೂ ಮುಟ್ಟದ ದಾಖಲೆಗಳು' ಎಂಬ ವಿಜೆಟ್ ನಾನು ಮೊದಲೇ ಮಾಡಿದ್ದೆ. ಒಂದು ದಿನ ಯಾವುದೋ ಕೆಲಸಕ್ಕೆ ಎಲ್ಲ ಜಾಯಿಂಟ್‌ಗಳ ರೋಲ್ (ಆ ವಸ್ತು ಯಾವ ಕೆಲಸದ್ದು ಎಂಬ ಗುರುತು) ಅನ್ನು ಒಟ್ಟಿಗೇ ಬದಲಿಸಿದೆ. ಮರುಕ್ಷಣ ವಿಜೆಟ್ ಖಾಲಿಯಾಯಿತು. ನೂರಾರು ಜಾಯಿಂಟ್‌ಗಳು ಇವತ್ತೇ ನೋಡಿದ ಹಾಗೆ ಕಂಡವು. ಒಂದರ ಹತ್ತಿರವೂ ಯಾರೂ ಹೋಗಿರಲಿಲ್ಲ. ದಾಖಲೆ ಮುಟ್ಟಿದ ದಿನ ಬೇರೆ, ವಸ್ತು ನೋಡಿದ ದಿನ ಬೇರೆ. ಈ ವ್ಯತ್ಯಾಸ ಇನ್ವೆಂಟರಿಯಲ್ಲಿ ಬಹಳ ಮುಖ್ಯ ಎಂದು ನಾನು ನಂಬುತ್ತೇನೆ. ಹಾಗಾಗಿ ಹೊಸ ಫೀಲ್ಡ್‌ಗೆ ಒಂದೇ ನಿಯಮ: ಡಬ್ಬಿ ತೆರೆದು ನೋಡಿದವರು ಮಾತ್ರ ತಾರೀಖು ಹಾಕಬೇಕು. ಆಫೀಸಿನಲ್ಲಿ ಕೂತು ಹಾಕುವಂತಿಲ್ಲ, ನಾನೂ ಹಾಕುವಂತಿಲ್ಲ.

ಜೊತೆಗೆ ಬರುವ ಪಟ್ಟಿ ವಿಜೆಟ್‌ನಲ್ಲಿ ಇಂಥ ತಾರೀಖಿಗಿಂತ ಮೊದಲು ನೋಡಿದವು ಎಂದು ಷರತ್ತು ಕೊಡಬಹುದು. ಆದರೆ ತಾರೀಖನ್ನು ನಾವೇ ಬರೆಯಬೇಕು. ಇವತ್ತಿಗೆ ಆರು ತಿಂಗಳ ಹಿಂದೆ ಎಂದು ಬರೆಯಲು ಬರುವುದಿಲ್ಲ. ದಿನಾ ಹೋಗಿ ತಾರೀಖು ಬದಲಿಸುತ್ತ ಕೂರಲು ಆಗುತ್ತದೆಯೇ? ಇನ್ನೊಂದು ತೊಡಕು, ತಾರೀಖೇ ಇಲ್ಲದ ಜಾಯಿಂಟ್‌ಗಳು ಆ ಷರತ್ತಿಗೆ ಸಿಗುವುದಿಲ್ಲ. ಒಮ್ಮೆಯೂ ನೋಡದ ಜಾಯಿಂಟ್ ಪಟ್ಟಿಯಲ್ಲಿ ಮೊದಲು ಬರಬೇಕು, ಆದರೆ ಅದೇ ತಪ್ಪಿಸಿಕೊಳ್ಳುತ್ತದೆ. ಆಗ ನಮ್ಮದೇ ವಿಜೆಟ್ ಬರೆಯಲು ಕೂತೆ.

ಬರೆಯುವುದು ಹೆದರುವಂಥದ್ದೇನಲ್ಲ. ನೆಟ್‌ಬಾಕ್ಸ್ ಕೊಡುವ ಡ್ಯಾಶ್‌ಬೋರ್ಡ್ ವಿಜೆಟ್ ಎಂಬ ಕ್ಲಾಸನ್ನು ಆಧಾರವಾಗಿ ಇಟ್ಟುಕೊಂಡು ನಮ್ಮ ಕ್ಲಾಸ್ ಬರೆಯಬೇಕು. ಅದಕ್ಕೆ ತಲೆಬರಹ, ವಿವರಣೆ, ಅಗಲ, ಎತ್ತರ ಕೊಡಬೇಕು. ರೆಂಡರ್ ಎಂಬ ಫಂಕ್ಷನ್‌ನಲ್ಲಿ ಡೇಟಾಬೇಸಿನಿಂದ ಬೇಕಾದ ಸಾಲು ತಂದು ಎಚ್‌ಟಿಎಂಎಲ್ ಆಗಿ ವಾಪಸ್ ಕೊಡಬೇಕು. ಇದನ್ನು ಒಂದು ಪ್ಲಗಿನ್ (ನೆಟ್‌ಬಾಕ್ಸ್‌ಗೆ ಹೊರಗಿನಿಂದ ಸೇರಿಸುವ ಕೋಡ್) ಒಳಗೆ ಇಟ್ಟು, ಪ್ಲಗಿನ್ ಶುರುವಾಗುವಾಗ ಆ ಕಡತವನ್ನು ಇಂಪೋರ್ಟ್ ಮಾಡಿಸಬೇಕು. ಈ ಕೊನೆಯ ಹೆಜ್ಜೆ ಮರೆತರೆ ವಿಜೆಟ್ ಪಟ್ಟಿಯಲ್ಲಿ ಕಾಣಿಸುವುದೇ ಇಲ್ಲ. ನಾನು ಅರ್ಧ ದಿನ ಅದರಲ್ಲೇ ಕಳೆದೆ.

ಎರಡು ವಿಷಯದಲ್ಲಿ ಎಚ್ಚರ ಬೇಕು. ಡೇಟಾ ತರುವಾಗ, ನೋಡುತ್ತಿರುವವರಿಗೆ ಅನುಮತಿ ಇರುವ ದಾಖಲೆಗಳನ್ನು ಮಾತ್ರ ತರಬೇಕು. ಜೊತೆಗೆ ಬರುವ ವಿಜೆಟ್‌ಗಳು ಇದನ್ನು ತಾವೇ ನೋಡಿಕೊಳ್ಳುತ್ತವೆ. ನಾವು ಬರೆದದ್ದರಲ್ಲಿ ರಿಸ್ಟ್ರಿಕ್ಟ್ ಎಂಬ ಫಂಕ್ಷನನ್ನು ನಾವೇ ಕರೆಯಬೇಕು. ಇಲ್ಲದಿದ್ದರೆ ಹೊರಗಿನ ಗುತ್ತಿಗೆದಾರರಿಗೂ ಮೂರು ಜಿಲ್ಲೆಯ ಎಲ್ಲ ಜಾಯಿಂಟ್ ಕಾಣುತ್ತವೆ. ಎರಡನೆಯದು ಇದರ ಮುಂದುವರಿಕೆ. ಬೆಳಿಗ್ಗೆ ಎಲ್ಲರೂ ಒಟ್ಟಿಗೇ ತೆರೆಯುತ್ತಾರೆ ಎಂದು ಫಲಿತಾಂಶವನ್ನು ಹತ್ತು ನಿಮಿಷ ಕ್ಯಾಶ್‌ನಲ್ಲಿ, ಅಂದರೆ ತಾತ್ಕಾಲಿಕ ನೆನಪಿನಲ್ಲಿ, ಇಟ್ಟೆ. ಆಗ ಒಬ್ಬರಿಗೆ ತಂದ ಪಟ್ಟಿ ಇನ್ನೊಬ್ಬರಿಗೂ ಕಾಣುತ್ತಿತ್ತು. ಪರೀಕ್ಷೆ ಮಾಡುವಾಗಲೇ ಗೊತ್ತಾದದ್ದು ಒಳ್ಳೆಯದಾಯಿತು. ಕ್ಯಾಶ್‌ನ ಕೀಲಿಯಲ್ಲಿ ಯೂಸರ್ ಸಂಖ್ಯೆ ಸೇರಿಸಿದ ಮೇಲೆ ಸರಿಹೋಯಿತು.

ವಿಜೆಟ್‌ನ ಹೆಸರು 'ರೋಹಿಣಿಗೆ ಮೊದಲು'. ನಮ್ಮ ಕಡೆ ಮೇ 25ರ ಸುಮಾರಿಗೆ ರೋಹಿಣಿ ಮಳೆ ಕೂಡುತ್ತದೆ. ಎರೆ ನೆಲದ ಜಾಯಿಂಟ್, ಬಳಕೆಯಲ್ಲಿರಬೇಕು, ಈ ವರ್ಷ ಫೆಬ್ರವರಿ 1ರ ನಂತರ ಯಾರೂ ತೆರೆದು ನೋಡಿರಬಾರದು. ಇಷ್ಟೇ ಷರತ್ತು. ವರ್ಷವನ್ನು ಕೋಡ್ ತಾನೇ ಲೆಕ್ಕ ಹಾಕುತ್ತದೆ. ತಾರೀಖು ಇಲ್ಲದವು ಎಲ್ಲಕ್ಕಿಂತ ಮೇಲೆ, ಆಮೇಲೆ ಹಳೆಯ ತಾರೀಖಿನವು. ಪ್ರತಿ ಸಾಲಿನಲ್ಲಿ ನಾಲ್ಕೇ ವಿಷಯ: ಜಾಯಿಂಟ್ ಹೆಸರು, ಊರು, ಕೊನೆಗೆ ನೋಡಿದ ದಿನ, ಹೊಲದವರ ಬಗ್ಗೆ ಟೆಕ್ನಿಷಿಯನ್‌ಗಳೇ ಬರೆದ ಟಿಪ್ಪಣಿ. ಮೇಲೆ ದೊಡ್ಡದಾಗಿ ರೋಹಿಣಿಗೆ ಇನ್ನು ಎಷ್ಟು ದಿನ ಎಂದು ಇರುತ್ತದೆ. ಮೊಬೈಲ್‌ನಲ್ಲಿ ನೋಡುವವರೇ ಜಾಸ್ತಿ. ಕೆಳಗಿನ ವಿಜೆಟ್ ತಲುಪಲು ಬಹಳ ಹೊತ್ತು ಜಾರಿಸಬೇಕಾಗುತ್ತದೆ ಎಂದು ಇದನ್ನು ಎಲ್ಲಕ್ಕಿಂತ ಮೇಲೆ ಇಟ್ಟೆ. ಮಳೆ ಕೂಡಿದ ಮೇಲೆ ಅದು ತಾನಾಗಿಯೇ ಒಂದು ಸಾಲಿಗೆ ಕುಗ್ಗುತ್ತದೆ, ಮತ್ತೆ ಫೆಬ್ರವರಿಯಲ್ಲಿ ತೆರೆದುಕೊಳ್ಳುತ್ತದೆ.

ಮೊದಲ ಬಾರಿ ತೆರೆದಾಗ ಅದರಲ್ಲಿ 212 ಸಾಲು ಇದ್ದವು. ಅಷ್ಟೂ ಸಾಲಿನಲ್ಲಿ ತಾರೀಖು ಖಾಲಿ. ಮ್ಯಾನೇಜರ್ ಸರ್ ಗಾಬರಿಯಾದರು. ಇಷ್ಟೊಂದು ತೋರಿಸಬೇಕಾ, ಐವತ್ತು ಮಾತ್ರ ತೋರಿಸಿದರೆ ಸಾಲದಾ ಎಂದು ಕೇಳಿದರು. ಇಷ್ಟೂ ಇವೆಯಲ್ಲ ಸರ್, ಇಷ್ಟೂ ತೋರಿಸಬೇಕು ಎಂದೆ. ಅವರು ಒಪ್ಪಿದರು. ಏಪ್ರಿಲ್‌ನಲ್ಲಿ ಎರಡು ತಂಡ ಹೆಚ್ಚಿಗೆ ಕೊಟ್ಟರು. ಪರದೆಯ ಮೇಲೆ ಆ ಸಂಖ್ಯೆ ಇಲ್ಲದಿದ್ದರೆ ಆ ತಂಡ ಸಿಗುತ್ತಿರಲಿಲ್ಲ ಎಂದು ನನಗೆ ಖಾತ್ರಿ ಇದೆ.

ಕಾಕಾ ಬೆಳಿಗ್ಗೆ ಏಳಕ್ಕೆ ಮನೆಯಿಂದಲೇ ಪಟ್ಟಿ ನೋಡಿ ಹೊರಡುತ್ತಿದ್ದರು. ಡಬ್ಬಿ ತೆರೆದು, ಬಿಗಿಯಾಗಿದ್ದ ಕೇಬಲ್ಲಿಗೆ ಸುತ್ತಿಟ್ಟ ಹೆಚ್ಚುವರಿ ಉದ್ದ ಬಿಟ್ಟು, ಸೀಲ್ ಬದಲಿಸಿ, ಅಲ್ಲೇ ನಿಂತು ತಾರೀಖು ಹಾಕುತ್ತಿದ್ದರು. ತಾರೀಖು ಬಿದ್ದರೆ ಆ ಸಾಲು ಪಟ್ಟಿಯಿಂದ ಇಳಿಯುತ್ತದೆ, ಕೆಳಗಿನದು ಮೇಲೆ ಬರುತ್ತದೆ. ಕೆಲವು ಜಾಯಿಂಟ್ ದಾಖಲೆ ಹೇಳಿದ ಜಾಗದಲ್ಲಿ ಇರಲೇ ಇಲ್ಲ. ಒಂದು ಕಡೆ 24 ಎಳೆಯದು ಎಂದು ಬರೆದದ್ದು 48 ಎಳೆಯದಾಗಿತ್ತು. ಅವನ್ನೆಲ್ಲ ಫೋಟೋ ತೆಗೆದು ಕಳಿಸುತ್ತಿದ್ದರು, ನಾನು ಇಲ್ಲಿ ತಿದ್ದುತ್ತಿದ್ದೆ. ಖಾಲಿ ಪೋರ್ಟ್, ಸ್ಪೇರ್ ಎಂದು ನಾನು ಮಾಡಿದ ಉಳಿದ ವಿಜೆಟ್‌ಗಳ ಲೆಕ್ಕವೂ ಆ ಎರಡು ತಿಂಗಳಲ್ಲಿ ಗಟ್ಟಿಯಾಯಿತು.

ಮೇ 24ರ ಸಂಜೆ ಪಟ್ಟಿಯಲ್ಲಿ 9 ಉಳಿದಿದ್ದವು. ಅಷ್ಟೂ ನರಗುಂದದ ಕಡೆಯವು. ಅವತ್ತೇ ರಾತ್ರಿ ಅಲ್ಲಿ ದೊಡ್ಡ ಮಳೆಯಾಯಿತು. ಜುಲೈನಲ್ಲಿ ಆ 9ರಲ್ಲಿ ಎರಡು ಹೋದವು, ಒಂದಕ್ಕೆ ಟ್ರ್ಯಾಕ್ಟರ್ ಮೇಲೆ ಎಳೆ ಬೆಸೆಯುವ ಸ್ಪ್ಲೈಸಿಂಗ್ ಮಷಿನ್ ಹೇರಿಕೊಂಡು ಹೋಗಬೇಕಾಯಿತು. ಈ ವರ್ಷ ಆ ಒಂಬತ್ತನ್ನೇ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಹಾಕಿದ್ದೇನೆ. ಫೆಬ್ರವರಿ ಮೊದಲ ವಾರವೇ ಕಾಕಾ ನರಗುಂದಕ್ಕೆ ಹೊರಟಿದ್ದಾರೆ.

ಈಗ ಅವರು ಇನ್ನೊಂದು ಕೇಳಿದ್ದಾರೆ. ಯಾವ ಹೊಲದಲ್ಲಿ ಈ ಸಲ ಕಡಲೆ ಇದೆ, ಯಾವುದರಲ್ಲಿ ಜೋಳ ಇದೆ, ಸುಗ್ಗಿ ಯಾವಾಗ ಮುಗಿಯುತ್ತದೆ ಎಂದು ಬರೆಯಲು ಒಂದು ಜಾಗ ಬೇಕಂತೆ. ಬೆಳೆ ನಿಂತಾಗ ಒಳಗೆ ಕಾಲಿಡಲು ಆಗುವುದಿಲ್ಲ. ಆ ಫೀಲ್ಡನ್ನು ನಿನ್ನೆ ಸೇರಿಸಿದೆ.